ಗೇಣುದ್ದದ ಅನ್ಯಾಯ

ಧರ್ಮರಾಜನ ಆ ಭಾನುವಾರವನ್ನು ಹಾಳು ಮಾಡಿದ್ದು ಬರೀ ಒಂದು ಗೇಣು ಜಾಗ. ಮಗಳು ಭಾಮಾಳ ಭುಜಕ್ಕೂ ಎದುರು ತಂಡದ ಹುಡುಗಿಯ ಕೈಯಲ್ಲಿದ್ದ ಚೆಂಡಿಗೂ ನಡುವೆ ಇದ್ದ ಆ ಒಂದು ಗೇಣು ಮೈದಾನಕ್ಕೆಲ್ಲ ಕಂಡಿತು. ಅಂಪೈರ್ ಕೃಷ್ಣಾಜಿಯವರಿಗೆ ಮಾತ್ರ ಕಾಣಲಿಲ್ಲ. ಅವರು ಮುಷ್ಟಿ ಎತ್ತಿ "ಔಟ್!" ಅಂದುಬಿಟ್ಟರು.

ನಿಗಡಿಯ ಮೈದಾನದಲ್ಲಿ ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ಸಾಫ್ಟ್‌ಬಾಲ್, ಕಡೆಯ ಪಂದ್ಯ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಾಲ್ಕು ಮೂಲೆಗೆ ನಾಲ್ಕು ಬೇಸು. ಚೆಂಡು ಹೊಡೆದವಳು ಒಂದೊಂದೇ ಬೇಸು ಮುಟ್ಟುತ್ತ ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಂದು ರನ್. ಅಷ್ಟರಲ್ಲಿ ಚೆಂಡು ಹಿಡಿದವಳು ಬಂದು ಮುಟ್ಟಿದರೆ ಔಟ್. ಭಾಮಾ ಮೂರನೇ ಬೇಸಿನಿಂದ ಬಿರುಗಾಳಿಯಂತೆ ಓಡಿ ಬಂದಿದ್ದಳು. ಆ ಒಂದು ರನ್ ಸಿಕ್ಕಿದ್ದರೆ ಪಂದ್ಯ ಸಮ. ಸಮವಾಗಿದ್ದರೆ ಸಾಕಿತ್ತು, ಹಿಂದಿನ ಗೆಲುವುಗಳ ಬಲದ ಮೇಲೆ ಇವರದೇ ತಂಡ ಜಳಗಾಂವಿಗೆ, ರಾಜ್ಯಮಟ್ಟಕ್ಕೆ ಹೋಗುತ್ತಿತ್ತು. ಮುಂದಿನ ವರ್ಷ ಅಂದರೆ ಭಾಮಾಳ ವಯಸ್ಸು ಮೀರುತ್ತದೆ. ಇದ್ದದ್ದು ಇದೊಂದೇ ಸಲ.

ಧರ್ಮರಾಜನ ತಲೆ ಕೆಟ್ಟುಹೋಯಿತು. ನೀರಿನ ಬಾಟಲಿ ಕೈಯಲ್ಲಿ ಹಿಡಿದೇ ಅಂಪೈರರ ಎದುರಿಗೆ ಹೋಗಿ ನಿಂತ.

"ಏನ್ರೀ ಕೃಷ್ಣಾಜಿ, ಕಣ್ಣಿಗೇನಾಗೇದ ನಿಮಗ? ಮುಟ್ಟೇ ಇಲ್ಲ ಆಕಿ! ನಡುವ ಒಂದು ಗೇಣು ಜಾಗಾ ಇತ್ತು!"

ಕೃಷ್ಣಾಜಿ ಅಕ್ಕಲಕೋಟದವರು. ಕನ್ನಡ, ಮರಾಠಿ ಎರಡರಲ್ಲೂ ಮೂವತ್ತು ವರ್ಷ ಬೈಸಿಕೊಂಡು ಗಟ್ಟಿಯಾದವರು. "ನಾ ಕಂಡಿದ್ದು ಹೇಳೇನ್ರಿ. ಔಟ್ ಅಂದ್ರ ಔಟ್. ನೀವು ಮೊದಲ ಹಗ್ಗದ ಹೊರಗ ನಡೀರಿ."

ತಂಡದ ಕೋಚ್ ಶಾಲಿನಿ ಟೀಚರ್ ಓಡಿ ಬಂದರು. ಮೈಸೂರಿನ ಹೆಣ್ಣುಮಗಳು, ದನಿ ಏರಿಸಿ ಗೊತ್ತಿಲ್ಲ. "ಬಿಡಿ ಸರ್. ಅಂಪೈರೂ ಮನುಷ್ಯರೇ, ತಪ್ಪು ಮಾಡ್ತಾರೆ. ಮಕ್ಕಳಿಗೆ ನಾನು ಮೊದಲನೇ ದಿನದಿಂದ ಹೇಳ್ಕೊಡೋದೇ ಅದು. ತಪ್ಪು ಡಿಸಿಷನ್ ಬಂದ್ರೆ ಒಂದು ಸಲ ಉಸಿರು ಬಿಟ್ಟು ಮುಂದಿನ ಬಾಲ್ ನೋಡಿ ಅಂತ."

"ಮುಂದಿನ ಬಾಲ್ ಎಲ್ಲದರೀ ಟೀಚರ್? ಮ್ಯಾಚೇ ಮುಗದದ!"

ಟೀಚರ್ ಬ್ಯಾಟುಗಳನ್ನು ಚೀಲಕ್ಕೆ ತುಂಬತೊಡಗಿದರು.

ಧರ್ಮರಾಜ ಚಾಕಣದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ತಪಾಸಣೆ ಮಾಡುವವನು. ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕೆ ಒಗೆಯುತ್ತಿದ್ದ. ಕೂದಲೆಳೆಯ ತಪ್ಪು ಹಿಡಿಯುವವನ ಮಗಳಿಗೆ ಗೇಣುದ್ದದ ಅನ್ಯಾಯ! ಇದನ್ನು ನುಂಗಿಕೊಂಡು ಮನೆಗೆ ಹೋಗಿ ಚಪಾತಿ ತಿನ್ನುವುದು ಅವನ ಕೈಲಾಗದ ಕೆಲಸ.

"ಬಿಡಬ್ಯಾಡ್ರಿ ಧರ್ಮರಾಜ!" ಎಂದು ಪಕ್ಕದ ಮನೆಯ ಬಿಂದುಮಾಧವರಾಯರು ಗಾಳಿ ಹಾಕಿದರು. ನಿವೃತ್ತರಾದ ಮೇಲೆ ಅವರಿಗೆ ಇರುವ ಕೆಲಸ ಇದೊಂದೇ. "ಕಮಿಟಿಗೆ ಹೋಗೂಣು. ನಾ ಎಲ್ಲಾ ಶೂಟಿಂಗ್ ಮಾಡೀನಿ."

"ಹಂಗಂದ್ರ ನಡೀರಿ!" ಎಂದು ಧರ್ಮರಾಜ ಅವರ ಹೆಗಲು ತಟ್ಟಿದ. ರಾಯರು ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿ, ಕೈಯಲ್ಲಿದ್ದ ಮಜ್ಜಿಗೆಯನ್ನು ಅಂಗಿಗೆ ಕುಡಿಸಿದರು. ಧರ್ಮರಾಜನಿಗೆ ಉಮೇದಿ ಬಂದರೆ ಬಾಯಿಗಿಂತ ಮೊದಲು ಬಲಗೈ ಮಾತಾಡುತ್ತದೆ. ಟಿವಿಯಲ್ಲಿ ಕ್ರಿಕೆಟ್ ಇರುವ ದಿನ ಹೆಂಡತಿ ಶಿವಕಾಂತಾ ಅವನ ಎಡಕ್ಕೇ ಕೂಡುತ್ತಾಳೆ.

ರಾಯರ ಶೂಟಿಂಗ್ ನೋಡಿದರು. ಒಂದೂವರೆ ತಾಸಿನ ಪಂದ್ಯದ ತುಂಬ ರಾಯರ ಹೆಬ್ಬೆರಳು, ಅದರ ಪಕ್ಕದಲ್ಲಿ ತುಸು ಆಕಾಶ.

ಕಮಿಟಿಯ ಅಧ್ಯಕ್ಷರು ಸುಬೇದಾರ್ ಮರಿಸ್ವಾಮಿ. ಮಂಡ್ಯದ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ದೇಹೂ ರೋಡಿನಲ್ಲೇ ನೆಲೆ ನಿಂತವರು. "ವಿಡಿಯೋ ನೋಡೋ ಪದ್ಧತಿ ನಮ್ಮಲ್ಲಿಲ್ಲ ಕಣ್ರಿ" ಎಂದು ಅವರು ಮೂರು ಸಲ ಹೇಳಿದರು. ಧರ್ಮರಾಜ ಅವರ ಕುರ್ಚಿಯಲ್ಲೇ ಕೂತವನು ಏಳಲೇ ಇಲ್ಲ. ಒಂದು ತಾಸು ನಿಂತು ಮೊಣಕಾಲು ನೋಯಿಸಿಕೊಂಡ ಸುಬೇದಾರರು ಕಡೆಗೆ ಸೋತರು.

"ಸರಿ. ಐದು ಗಂಟೆಗೆ ಜಳಗಾಂವಿಗೆ ಗೆದ್ದ ತಂಡದ ಹೆಸರು ಕಳಿಸ್ಬೇಕು. ಅಷ್ಟರೊಳಗೆ ಸಾಕ್ಷಿ ತನ್ನಿ, ತಪ್ಪಾಗಿದ್ರೆ ತಿದ್ದೋಣ. ಆದ್ರೆ ಚೂರುಪಾರು ನೋಡಲ್ಲ. ಆ ಬಾಲು ಶುರುವಿನಿಂದ ಪೂರ್ತಿ ನೋಡ್ತೀನಿ."

"ಪೂರ್ತಿ ನೋಡ್ರಿ! ಹತ್ತು ಸಲ ನೋಡ್ರಿ!"

ಆಕುರ್ಡಿಯ ಮನೆಯಲ್ಲಿ ಭಾಮಾ ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ. ಮೊಣಕಾಲಿನ ಮಣ್ಣು ಒಣಗಿ ಉದುರುತ್ತಿತ್ತು. ಊಟ ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. "ಆ ಕೃಷ್ಣಾಜಿ ಕಾಕಾನ ಮಾರಿ ನೋಡಂಗಿಲ್ಲ ನಾ ಇನ್ನ" ಅಂದಳು. ಎಂಟು ತಿಂಗಳು ಐದಕ್ಕೆದ್ದು ಓಡಿದ ಮಗಳು!

"ಯಾರ್ಯಾರ ಹತ್ರ ವಿಡಿಯೋ ಅದ?" ಎಂದ ಧರ್ಮರಾಜ.

"ಅವಿನಾಶ್ ಅಂಕಲ್ ಸ್ಟ್ಯಾಂಡ್ ಇಟ್ಟು ಪೂರಾ ತಗದಾರ."

ಧರ್ಮರಾಜನ ಸ್ಕೂಟರು ಹಿಂದಿನಿಂದ ದೂಡದೆ ಹೊರಡುವ ಜಾತಿಯದಲ್ಲ. ತಾಯಿ ಮಗಳು ಇಬ್ಬರೂ ಗೇಟಿನವರೆಗೆ ದೂಡಿ ಹೊರಡಿಸಿದರು.

ಅವಿನಾಶ್ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಅವನ ಮಗಳೂ ಅದೇ ತಂಡದಲ್ಲಿದ್ದಳು. ಬಾಗಿಲು ತೆರೆದವನು ಧರ್ಮರಾಜನನ್ನು ಕಂಡು ತಲೆ ಕೆರೆದುಕೊಂಡ. "ಸರ್, ಆ ವಿಡಿಯೋ ಬೇಡ ಸರ್. ಬಿಟ್ಬಿಡಿ. ನಿಮಗೇ ಬೇಜಾರಾಗುತ್ತೆ."

"ಬ್ಯಾಸರ ಆಗೂದು ಇನ್ನೇನ್ ಉಳದದ? ಕೊಡ್ರಿ ಇತ್ಲಾಗ!"

ಇವನ ಮಗಳು ಬೆಂಚು ಕಾಯುವವಳು, ನನ್ನ ಮಗಳು ಜಳಗಾಂವಿಗೆ ಹೋದರೆ ಇವನಿಗೆ ಹೊಟ್ಟೆಯುರಿ, ಎಂದು ಧರ್ಮರಾಜ ಮನಸ್ಸಿನಲ್ಲೇ ತೀರ್ಪು ಕೊಟ್ಟ. ಫೋನ್ ಕಸಿದುಕೊಂಡ. "ಹಿಂದಿಂದೆಲ್ಲ ಬ್ಯಾಡ, ಕಡೀಕ್ ಬರ್ರಿ. ದೊಡ್ಡದು ಮಾಡ್ರಿ. ಇನ್ನೂ ದೊಡ್ಡದು!" ತೆರೆಯ ತುಂಬ ಭಾಮಾಳ ಭುಜ, ಚೆಂಡು, ನಡುವೆ ಹಸಿರು ಹುಲ್ಲು. ಧರ್ಮರಾಜ ಬೆರಳಿಟ್ಟು ಅಳೆದ. ಗೇಣು! ಪೂರ್ತಿ ಗೇಣು!

"ಸರ್, ಸ್ವಲ್ಪ ಹಿಂದಿಂದನೂ ಒಂದ್ಸಲ..." ಎಂದು ಅವಿನಾಶ್ ಶುರು ಮಾಡುವಷ್ಟರಲ್ಲಿ ಧರ್ಮರಾಜ ವಿಡಿಯೋ ತನ್ನ ಫೋನಿಗೆ ಕಳಿಸಿಕೊಂಡು ಮೆಟ್ಟಿಲಿಳಿದಾಗಿತ್ತು.

ಸಂಜೆ ನಾಲ್ಕೂವರೆಗೇ ಕಮಿಟಿಯ ಕೋಣೆ ಕಿಕ್ಕಿರಿಯಿತು. ಕರೆದವನು ಧರ್ಮರಾಜನೇ. ತಂಡದ ಹುಡುಗಿಯರು, ಅವರ ತಂದೆತಾಯಿ, ಸೊಸೈಟಿಯವರು, ಕಡೆಗೆ ಇಸ್ತ್ರಿಯವನಿಗೂ ಹೇಳಿ ಬಂದಿದ್ದ. ಅನ್ಯಾಯ ಎಲ್ಲರ ಎದುರಿಗೆ ಆಗಿದೆ, ನ್ಯಾಯವೂ ಎಲ್ಲರ ಎದುರಿಗೇ ಆಗಬೇಕು. ಕೃಷ್ಣಾಜಿ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕೂಡಲು ಯಾರೂ ಒಪ್ಪಲಿಲ್ಲ.

"ಇವತ್ತು ಬಿಡಂಗಿಲ್ಲ, ತೋರಸ್ತೀನಿ!" ಎಂದು ಧರ್ಮರಾಜ ರಾಯರ ಹೆಗಲಿಗೆ ಇನ್ನೊಂದು ಕೊಟ್ಟ. ರಾಯರು ಹೆಗಲು ಉಜ್ಜಿಕೊಳ್ಳುತ್ತ ಎರಡು ಕುರ್ಚಿ ಆಚೆ ಹೋಗಿ ಕೂತರು.

ದೊಡ್ಡ ಟಿವಿಗೆ ಫೋನ್ ಜೋಡಿಸಿದರು. ಸುಬೇದಾರರು ತಮ್ಮ ಮಾತಿನಂತೆ ಶುರುವಿನಿಂದಲೇ ಹಚ್ಚಿದರು.

ಮೂರನೇ ಬೇಸಿನ ಮೇಲೆ ಭಾಮಾ. ಅವಳ ಹಿಂದೆ, ಹಗ್ಗದ ಒಳಗೆ, ಚೌಕುಳಿ ಅಂಗಿಯ ಒಬ್ಬ ಮನುಷ್ಯ ನೀರಿನ ಬಾಟಲಿ ಚಾಚುತ್ತಿದ್ದಾನೆ. ಭಾಮಾ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾಳೆ. ಮನುಷ್ಯ ಹೋಗುತ್ತಿಲ್ಲ. ಯಾರೋ ಕಿಸಕ್ಕೆಂದರು. ಧರ್ಮರಾಜ ತನ್ನ ಮೈಮೇಲಿನ ಚೌಕುಳಿ ಅಂಗಿಯನ್ನು ಒಮ್ಮೆ ನೋಡಿಕೊಂಡ. ಅಷ್ಟರಲ್ಲಿ ಚೆಂಡಿಗೆ ಏಟು ಬಿತ್ತು. "ಓಡವ್ವಾ ಓಡ!" ಎಂಬ ಕೂಗು ಟಿವಿ ಹರಿದು ಬಂತು. ಕೂಗಿನ ಜೊತೆಗೇ ಬಲಗೈ ಭಾಮಾಳ ಬೆನ್ನಿಗೆ ಬಿತ್ತು. ಹುಡುಗಿ ಎರಡು ಹೆಜ್ಜೆ ಗಾಳಿಯಲ್ಲೇ ದಾಟಿ ಓಟಕ್ಕೆ ಬಿದ್ದಳು. ಆಮೇಲೆ ಭುಜ, ಚೆಂಡು, ಗೇಣು.

ಕೃಷ್ಣಾಜಿ ಎದ್ದು ಟಿವಿಯ ಹತ್ತಿರ ಬಂದು, ಕನ್ನಡಕ ಒರೆಸಿಕೊಂಡು, ಎರಡು ಸಲ ಹಾಕಿಸಿ ನೋಡಿದರು.

"ಸಾಹೇಬ್ರ, ನಂದು ತಪ್ಪಾಗೇದ" ಎಂದರು. "ಹುಡುಗೀಗಿ ಚೆಂಡು ಮುಟ್ಟಿಲ್ಲ."

ಕೋಣೆಯೆಲ್ಲ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಧರ್ಮರಾಜ.

"ಅದು ಒಂದು" ಎಂದರು ಕೃಷ್ಣಾಜಿ. "ನಾ ಮಾಡಿದ್ದು ಎರಡು ತಪ್ಪು. ಓಡಾಕೀಗಿ ಹೊರಗಿನವರು ಕೈ ಹಚ್ಚಿ ದೂಡಿದ್ರ ಆಕಿ ಅಲ್ಲೇ ಔಟ್. ಅದು ನನ್ನ ಕಣ್ಣಿಗಿ ಬಿದ್ದೇ ಇದ್ದಿಲ್ಲ. ಇವರು ತೋರಸದಿದ್ರ ಗೊತ್ತೂ ಆಗ್ತಿದ್ದಿಲ್ಲ."

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಹಾಗೇ ನಿಂತವು.

"ನಾ ದೂಡಿಲ್ರೀ!" ಧರ್ಮರಾಜ ಅರಚಿದ. "ಬೆನ್ನು ತಟ್ಟೀನಿ!"

"ಅವರು ತಟ್ಟೂದು ಹಂಗೇ ಅದರೀ ಸಾಹೇಬ್ರ" ಎಂದರು ಬಿಂದುಮಾಧವರಾಯರು. "ಮುಂಜಾನಿಂದ ನನಗ ಎರಡು ಸಲ ಆತು."

"ಔಟ್ ಔಟೇ" ಎಂದು ಸುಬೇದಾರರು ಎದುರು ತಂಡದ ಹೆಸರಿನ ಹಾಳೆಗೆ ಸಹಿ ಹಾಕಿದರು. ಶಾಲಿನಿ ಟೀಚರ್ ಉಸಿರು ಬಿಟ್ಟರು. ಅವಿನಾಶ್ ತನ್ನ ಬೂಟು ನೋಡುತ್ತ ನಿಂತಿದ್ದ. ಅವನು ಬೇಡ ಅಂದದ್ದು ಯಾಕೆಂದು ಧರ್ಮರಾಜನಿಗೆ ಈಗ ಹೊಳೆಯಿತು, ಹೊಳೆದು ಇನ್ನಷ್ಟು ಸಿಟ್ಟು ಬಂತು. ಆದರೆ ಯಾರ ಮೇಲೆ?

ಭಾಮಾ ಎದ್ದು ನೇರ ಕೃಷ್ಣಾಜಿಯವರ ಹತ್ತಿರ ಹೋದಳು. "ಸಾರಿ ಕಾಕಾ. ಮುಂಜಾನಿಂದ ನಿಮಗ ಬೈಲಿಕ್ಕತ್ತಿದ್ದೆ." ಅವರು ಅವಳ ತಲೆ ಸವರಿದರು. ಅಪ್ಪನ ಕಡೆ ತಿರುಗಿದಾಗ ಅವಳ ಕಣ್ಣು ಕೆಂಡವಾಗಿತ್ತು. "ಎಷ್ಟು ಸಲ ಹೇಳಿದ್ನೆಪಾ, ನೀರು ಬ್ಯಾಡ ಬ್ಯಾಡ ಅಂತ!"

ಧರ್ಮರಾಜ ಟಿವಿಯಿಂದ ಫೋನ್ ಕಿತ್ತು ಜೇಬಿಗೆ ಹಾಕಿಕೊಂಡ.

ಹೊರಗೆ ಬಂದು ಸ್ಕೂಟರಿಗೆ ಹನ್ನೆರಡು ಸಲ ಒದ್ದ. ಅದು ಕೆಮ್ಮಿ ಸುಮ್ಮನಾಯಿತು. ಎಲ್ಲರೂ ಗುಂಪುಗುಂಪಾಗಿ ನಿಂತು ನೋಡುತ್ತಿದ್ದರು.

"ಏ ಶಿವಕಾಂತಾ, ಭಾಮವ್ವಾ, ಒಂಚೂರು ದೂಡ್ರಿ" ಎಂದ ಮೆತ್ತಗೆ.

ಶಿವಕಾಂತಾ ಸೆರಗು ಸಿಕ್ಕಿಸಿ ಮುಂದೆ ಬಂದಳು. ಭಾಮಾ ಅವಳ ಕೈ ಹಿಡಿದು ನಿಲ್ಲಿಸಿದಳು.

"ಬ್ಯಾಡ ಅವ್ವಾ. ಹೊರಗಿನವರು ದೂಡಿದ್ರ ಔಟ್."

ತಾಯಿ ಮಗಳು ಬಸ್ ಸ್ಟಾಪಿನ ದಾರಿ ಹಿಡಿದರು. ಧರ್ಮರಾಜ ಸ್ಕೂಟರಿನ ಹ್ಯಾಂಡಲ್ ಹಿಡಿದು, ಆಕುರ್ಡಿಯವರೆಗೂ ತಾನೇ ದೂಡಿಕೊಂಡು ಹೋದ.