ತಲೆ ಮೇಲಾಗಿ ಕೂತ ಕೂಸು

ಹೆರಿಗೆ ಮಾಡಿಸುವವಳ ಬಾಳಿನಲ್ಲಿ ನಗು ಬರಿಸುವಂಥದ್ದು ನಡೆಯದ ವಾರವೇ ಇಲ್ಲ. ಬಸುರಿ ಪಾಡು ಬಸುರಿಗೆ, ಮನೆಯವರ ಎಡವಟ್ಟು ಮಾತ್ರ ನನಗೆ! ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಹಲಗೂರಿನಲ್ಲಿ ಸರ್ಕಾರಿ ನರ್ಸಮ್ಮ. ಪಕ್ಕದ ಹಳ್ಳಿಯ ಒಂದು ಮನೆಯ ಕತೆ ಹೇಳುತ್ತೇನೆ, ಅಷ್ಟು ಸಾಕು.

ಆ ಮನೆ ಸೊಸೆಯ ಚೊಚ್ಚಲ ಕೂಸು ತವರಿನಲ್ಲಿ ಕಾಲು ಮುಂದಾಗಿ ಬಂದು, ಅಳದೆಯೇ ಹೋಗಿತ್ತು. ಈಗ ಎರಡನೆಯದು, ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಹುಡುಗಿ ನನ್ನ ಕೈ ಹಿಡಿದುಕೊಂಡು, "ಅಳೋ ಕೂಸು ಬೇಕು ಕಣಕ್ಕ, ಇನ್ನೇನೂ ಬ್ಯಾಡ" ಅಂದಳು.

೧. ಅರ್ಧ ಮುದ್ದೆ

ಎಂಟು ತಿಂಗಳ ಬಸುರಿಯ ತಟ್ಟೆಯಲ್ಲಿ ಅರ್ಧ ಮುದ್ದೆ! "ಇದೇನಮ್ಮ?" ಅಂತ ಅತ್ತೆಯನ್ನು ಕೇಳಿದೆ.

"ಜಾಸ್ತಿ ತಿಂದ್ರೆ ಕೂಸು ದಪ್ಪಾಗಿ ಈಚೆಗ್ ಬರಾಕಿಲ್ಲ ಕಣವ್ವ."

ನನಗೆ ನೆತ್ತಿಗೇರಿತು. "ಕೂಸಿಗೆ ಮೈ ತುಂಬೋ ಕಾಲವೇ ಇದು. ನೀವು ಹಾಕದಿದ್ರೆ ಅದು ತಾಯಿ ಮೈಯಿಂದ ಹೀರ್ಕೊಳ್ಳುತ್ತೆ. ಪೂರ್ತಿ ಮುದ್ದೆ ಹಾಕಿ, ಸೊಪ್ಪು, ಹಾಲು ಕೊಡಿ" ಅಂತ ಬೈದು ಬಂದೆ.

ಮುಂದಿನ ವಾರ ಹೋದರೆ ಸೊಸೆಗೆ ಪೂರ್ತಿ ಮುದ್ದೆ, ಮಗನಿಗೆ ಅರ್ಧ. ರಾಗಿಗೂ ಬರವಿದ್ದ ಕಾಲ ಅದು. ಅತ್ತೆ, "ಬಸ್ರಿ ಅವಳಾ, ಇವನಾ?" ಅಂತ ನನ್ನನ್ನೇ ಕೇಳಿದಳು. ಮಗ ನನ್ನನ್ನು ಬಾಗಿಲವರೆಗೂ ಬಿಡಲು ಬಂದು ಪಿಸುಗುಟ್ಟಿದ: "ನರ್ಸಮ್ಮಾರೆ, ಬಿರ್‍ರನೆ ಹೆರಿಗೆ ಆಗೋ ಹಂಗೆ ಏನಾರ ಮದ್ದೈತಾ?"

೨. ಮರದ ಕೊಳವೆ

ಹೊಟ್ಟೆ ಮುಟ್ಟಿ ನೋಡಿದೆ. ಗಟ್ಟಿಯಾಗಿ ದುಂಡಗಿನ ತಲೆ ಪಕ್ಕೆಲುಬಿನ ಕೆಳಗೆ ಸಿಕ್ಕಿತು. ಮರದ ಕೊಳವೆ ಇಟ್ಟು ಕೇಳಿದರೆ ಎದೆಬಡಿತ ಹೊಕ್ಕುಳಿಗಿಂತ ಮೇಲೆ. ಈ ಕೂಸೂ ತಲೆ ಮೇಲಾಗಿ ಕೂತಿತ್ತು. ಹುಡುಗಿಯ ಮುಖ ಬಾಡಿಹೋಯಿತು.

"ಇನ್ನೂ ಒಳಗೆ ಜಾಗ ಇದೆ, ತಿರುಗಿದ್ರೂ ತಿರುಗೀತು. ತಿರುಗದಿದ್ರೆ ನೋವು ಬರೋಕ್ಕಿಂತ ಮುಂಚೆ ಮಂಡ್ಯದ ಆಸ್ಪತ್ರೆಗೆ ಹೋಗೋಣ" ಅಂದೆ.

"ಪೆಟ್ರೋಲ್ ಇಲ್ದೆ ಇದ್ದಿಲಲ್ಲಿ ಓಡೋ ಆ ಬಸ್ಸಲ್ಲಾ? ಏರು ಬಂದ್ರೆ ನಾವೇ ತಳ್ಬೇಕಲ್ಲವ್ವ" ಅಂದ ಗಂಡ.

ಅತ್ತೆ ನನ್ನ ಕೈಯಿಂದ ಕೊಳವೆ ಕಿತ್ತುಕೊಂಡು ಕಿವಿ ಇಟ್ಟಳು. ಕಣ್ಣರಳಿತು. ಆಮೇಲೆ ಕಿವಿ ತೆಗೆದು ಬಾಯಿ ಇಟ್ಟಳು!

"ಲೇ! ಕೇಳ್ತಾ ಐತೇನ್ಲಾ? ನಿಮ್ಮವ್ವ ಒಂದ್ಸಲ ಅತ್ತಿದ್ದು ಸಾಕು. ಯಾರ ಮನೆ ಜಗಲಿ ಅಂತ ಅಂಗೆ ಕುಂತಿದ್ದೀಯಾ? ತಲೆ ಕೆಳಕ್ಕಾಕ್ಲಾ!"

"ಅಮ್ಮಾ, ಅದು ಕೇಳೋ ಕೊಳವೆ, ಮಾತಾಡೋದಲ್ಲ" ಅಂದೆ.

"ಆ ಕಡೀಂದ ಸದ್ದು ಈ ಕಡೀಕ್ ಬತ್ತದೆ ಅಂದ್ಮೇಲೆ, ಈ ಕಡೀಂದ ಆ ಕಡೀಕ್ ಓಗಾಕಿಲ್ವಾ?"

ನಾನು ಕೊಳವೆ ಕಿತ್ತುಕೊಂಡು ಒರೆಸಿ ಚೀಲಕ್ಕೆ ಹಾಕಿಕೊಂಡೆ.

೩. ಬೈಸಿಕೊಳ್ಳಲು ಬಂದವರು

ಎರಡು ವಾರ ಬಿಟ್ಟು ನೋಡಿದರೆ ಕೂಸು ತಿರುಗಿಬಿಟ್ಟಿತ್ತು! ತಲೆ ಕೆಳಗೆ, ಒದೆತ ಮೇಲೆ. ಹುಡುಗಿ ನಕ್ಕಿದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು. ಅತ್ತೆ ಬೈದದ್ದಕ್ಕಲ್ಲ, ಬಹಳ ಕೂಸುಗಳು ಈ ತಿಂಗಳಲ್ಲಿ ತಾವಾಗಿಯೇ ತಿರುಗುತ್ತವೆ ಅಂತ ಬಾಯಿ ಬಡಿದುಕೊಂಡೆ. ಯಾರು ಕೇಳಬೇಕು?

ಮಾರನೆಯ ವಾರ ನನ್ನ ಬಾಗಿಲಿಗೆ ಮೂವರು ಬಸುರಿಯರು. ಸದ್ಯ, ನನ್ನ ಮೇಲೆ ನಂಬಿಕೆ ಬಂತಲ್ಲ ಅಂತ ಉಬ್ಬಿದೆ.

"ಕೊಳವೆ ಕೊಡ್ರವ್ವ, ಆ ಅಜ್ಜಿ ತಾವ ಬೈಸ್ಕೊಂಡ್ ಬತ್ತೀವಿ" ಅಂದರು.

ಒಬ್ಬಳ ಹೊಟ್ಟೆ ನೋಡಿ, "ನಿನ್ನ ಕೂಸು ಸರಿಯಾಗೇ ಇದೆ ಕಣೆ" ಅಂದೆ.

"ಇರ್ಲಿ ಬುಡ್ರವ್ವ. ಅಂಗೇ ಇರು ಅಂತ ಒಂದ್ಮಾತು ಬೈಸ್ತೀನಿ."

೪. ಬೆಲ್ಲ

ದಿನ ತುಂಬಿ ನೋವು ಬಂತು. ಬೆಳಗ್ಗೆಯಿಂದ ಅತ್ತೆ ಹೊರಗೆ ಮಡಿಲಲ್ಲಿ ಬೆಲ್ಲ ಕಟ್ಟಿಕೊಂಡು ಕೂತಿದ್ದಳು. ತಲೆ ಬಂತು, ಮೈ ಬಂತು. ಕೂಸು ಮಾತ್ರ ಸುಮ್ಮನಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಗೊತ್ತಿದ್ದ ದೇವರಿಗೆಲ್ಲ ಮೊರೆಯಿಟ್ಟೆ. ಅಷ್ಟರಲ್ಲಿ ಕಿರುಚಿತು ನೋಡಿ! ಹೆಂಚು ಹಾರಿಹೋಗುವ ಹಾಗೆ! ನಾನೂ ಹುಡುಗಿಯೂ ಒಟ್ಟಿಗೇ ಅತ್ತೆವು, ನಕ್ಕೆವು.

"ಅಮ್ಮಾ, ಬನ್ನಿ" ಅಂತ ಕೂಗಿದರೆ ಹೊರಗೆ ಯಾರೂ ಇಲ್ಲ. ಕಿಟಕಿಯಲ್ಲಿ ನೋಡಿದೆ. ಅತ್ತೆ ಸೆರಗು ಜಾರಿದ್ದೂ ತಿಳಿಯದೆ ಬೀದಿ ತುಂಬ ಓಡುತ್ತಾ, ಸಿಕ್ಕವರ ಬಾಯಿಗೆಲ್ಲ ಬೆಲ್ಲ ತುರುಕುತ್ತಿದ್ದಳು. ಕಣ್ಣಲ್ಲಿ ಧಾರಾಕಾರ ನೀರು.

ಎದುರುಮನೆಯವಳು ಕೇಳಿದಳು, "ಯಾವ ಕೂಸಕ್ಕೋ? ಗಂಡಾ, ಹೆಣ್ಣಾ?"

"ಅದನ್ಯಾವಳು ನೋಡಿದ್ಲು? ಅಳ್ತಾ ಐತೆ, ನಿಂಗ್ ಕೇಳಾಕಿಲ್ವಾ? ಬಾಯ್ ತೆಗಿಯೇ, ಬೆಲ್ಲ ತಿನ್ನು!"