ಕಣದಲ್ಲಿ ಒಣಗಿದ ಆಂಪ್ಲಿಫೈಯರ್

ನಮ್ಮ ಚಿಕ್ಕಪ್ಪ ಗಿಟಾರ್ ನುಡಿಸುತ್ತಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ನುಡಿಸುವುದು ಆಂಪ್ಲಿಫೈಯರನ್ನು. ಗಿಟಾರೇನಿದ್ದರೂ ವೈರಿನ ತುದಿಗೆ ಕಟ್ಟಿದ ಒಂದು ಹಿಡಿಕೆ! ಇದು ನನ್ನ ಕುಹಕವಲ್ಲ, ಅವರದೇ ಸಿದ್ಧಾಂತ. "ಗಿಟಾರಲ್ಲಿ ಏನಿದೆ ಮಾರಾಯ್ತಿ? ಆರು ತಂತಿ. ಸ್ವರ ಹುಟ್ಟೋದು ಇಲ್ಲಿ" ಎಂದು ಅವರು ಆ ಮರದ ಪೆಟ್ಟಿಗೆಯ ಬೆನ್ನು ಸವರುತ್ತಿದ್ದರು. ಹಾಲು ಕೊಡುವ ಹಸುವನ್ನೂ ನಮ್ಮ ಮನೆಯಲ್ಲಿ ಯಾರೂ ಅಷ್ಟು ಅಕ್ಕರೆಯಿಂದ ಸವರಿದ್ದಿಲ್ಲ.

ಮಲ್ಲಂದೂರಿನಿಂದ ತುಸು ಮುಂದೆ ನಮ್ಮ ಕಾಫಿ ತೋಟ. ತೊಂಬತ್ತರ ದಶಕದಲ್ಲಿ ಸುತ್ತಲಿನವರೆಲ್ಲ ಹೊಸ ಜೀಪು, ಹಣ್ಣು ಸುಲಿಯುವ ಹೊಸ ಪಲ್ಪರು ಎಂದು ಮಾತಾಡುತ್ತಿದ್ದರೆ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ತಂದರು. ಚಿಕ್ಕಮಗಳೂರಿನಿಂದ ಅದು ಬಸ್ಸಿನ ಟಾಪಿನ ಮೇಲೆ ಬಂತು. ಕಂಡಕ್ಟರ್ ಎಷ್ಟು ಬೈದರೂ ಕೇಳದೆ ಚಿಕ್ಕಪ್ಪನೂ ಅದರ ಪಕ್ಕದಲ್ಲೇ, ಟಾಪಿನ ಮೇಲೆಯೇ, ಅದನ್ನು ತಬ್ಬಿಕೊಂಡು ಬಂದರು. ಕೆಳಗೆ ಸೀಟು ಖಾಲಿ ಇತ್ತಂತೆ!

ವಾಲ್ವ್ ಎಂದರೆ ಗಾಜಿನ ಸಣ್ಣ ಬುರುಡೆಗಳು. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದವಲ್ಲ, ಅವೇ. ಸ್ವಿಚ್ ಹಾಕಿದ ಕೂಡಲೇ ಅವು ಮಾತಾಡುವುದಿಲ್ಲ. ಕಾಯಬೇಕು. ಚಿಕ್ಕಪ್ಪ ಪೆಟ್ಟಿಗೆಯ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಬುರುಡೆಗಳು ನಿಧಾನವಾಗಿ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊರಗೆ ಮಂಜು ಸಿಲ್ವರ್ ಮರಗಳ ನೆತ್ತಿಯಿಂದ ಇಳಿದು ಜಗಲಿಯವರೆಗೂ ಬಂದಿರುತ್ತಿತ್ತು. ಒಳಗೆ ಆ ಬೆಳಕು, ಮತ್ತು ಒಂದು ಸಣ್ಣ ಗುಂಯ್. ನಾನೂ ಪಕ್ಕದಲ್ಲಿ ಕೂತು ಎಷ್ಟೋ ಸಲ ಅಲ್ಲೇ ತೂಕಡಿಸಿದ್ದೇನೆ. ಅಮ್ಮ ಬಂದು, "ಇನ್ನೂ ಶುರುವೇ ಆಗ್ಲಿಲ್ವಾ ನಿಮ್ದು?" ಎಂದರೆ ಚಿಕ್ಕಪ್ಪನ ಉತ್ತರ ತಯಾರಿರುತ್ತಿತ್ತು: "ಕಾವಲಿ ಕಾಯೋ ಮುಂಚೆ ನೀವು ದೋಸೆ ಹೊಯ್ತೀರಾ ಅತ್ತಿಗೆ?"

ಅಮ್ಮ ನಗುತ್ತಾ ಒಳಗೆ ಹೋಗುತ್ತಿದ್ದಳು. ಆದರೆ ಚಿಕ್ಕಪ್ಪ ಕಾಯುತ್ತಿದ್ದದ್ದು ಬರೀ ವಾಲ್ವಿಗಾಗಿ ಅಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊದಲ ತಂತಿ ಮೀಟುವ ಮುನ್ನ ಅವರ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗುತ್ತಿತ್ತು. ಅಪ್ಪ ಬಂದು ಕೂರುತ್ತಾರೇನೋ ಎಂದು.

ಅಪ್ಪ ಬರುತ್ತಿರಲಿಲ್ಲ. ಅಜ್ಜ ಬೇಗ ತೀರಿಕೊಂಡ ಮೇಲೆ ತೋಟವನ್ನೂ ತಮ್ಮನನ್ನೂ ಒಟ್ಟಿಗೇ ಹೆಗಲಿಗೇರಿಸಿಕೊಂಡವರು ಅಪ್ಪ. ತಮ್ಮನ ರಾಕ್ ಸಂಗೀತವನ್ನು ಬೇಡ ಎಂದವರಲ್ಲ, ಕೂತು ಕೇಳಿದವರೂ ಅಲ್ಲ! ಆಂಪ್ಲಿಫೈಯರ್ ಗುಂಯ್ ಎಂದ ಕೂಡಲೇ ಅವರಿಗೆ ತೋಟದಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ನೆರಳಿನ ಮರದ ಕೊಂಬೆ ಸವರುವುದೋ, ಪಂಪಿನ ವಾಷರೋ, ಏನೂ ಸಿಗದಿದ್ದರೆ ಗೇಟು ಹಾಕಿದೆಯೋ ಇಲ್ಲವೋ ನೋಡಿಬರುವುದೋ. ಹಾಕಿದ ಗೇಟನ್ನು ಅವರು ಎಷ್ಟು ಸಲ ನೋಡಿ ಬಂದಿದ್ದಾರೋ!

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ? ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ಆಂಪ್ಲಿಫೈಯರಿಗೂ ಹಿಡಿಯಿತು. ಮೀಟಿದರೆ ಕರಕರ, ಬಿಟ್ಟರೂ ಕರಕರ. ಚಿಕ್ಕಪ್ಪ ಊಟ ಬಿಡುವುದೊಂದು ಬಾಕಿ. ಕುಯ್ಲು ಮುಗಿದು, ತೊಳೆದ ಕಾಫಿಬೀಜ, ಅದೇ ನಾವು ಪಾರ್ಚ್‌ಮೆಂಟ್ ಅನ್ನುವುದು, ಕಣಕ್ಕೆ ಬಂದಾಗ ಅವರಿಗೆ ಜ್ಞಾನೋದಯವಾಯಿತು. ಬೀಜ ಒಣಗುವ ಬಿಸಿಲಿನಲ್ಲಿ ಆಂಪ್ಲಿಫೈಯರ್ ಏಕೆ ಒಣಗಬಾರದು? ಹಿಂದಿನ ಹಲಗೆ ಬಿಚ್ಚಿ ಅದನ್ನು ಕಣದ ಮಧ್ಯೆ ಇಟ್ಟರು. ಆಳುಗಳು ಬೀಜ ಕೈಯಾಡಿಸಿದಾಗಲೆಲ್ಲ ಇವರು ಹೋಗಿ ಪೆಟ್ಟಿಗೆಯ ಮಗ್ಗುಲು ಬದಲಿಸುತ್ತಿದ್ದರು.

ಆ ದಿನ ಅವರು ಚಿಕ್ಕಮಗಳೂರಿಗೆ ಹೋಗಿದ್ದರು. ಸಂಜೆ ಮೇಸ್ತ್ರಿ ಎಂದಿನಂತೆ ಬೀಜವನ್ನೆಲ್ಲ ರಾಶಿ ಮಾಡಿಸಿ, ಟಾರ್ಪಾಲ್ ಹೊದಿಸಿ ಮನೆಗೆ ಹೋದ. ಕಣದಲ್ಲಿದ್ದದ್ದನ್ನೆಲ್ಲ ರಾಶಿ ಮಾಡಬೇಕು ಎನ್ನುವುದು ಕಣದ ಪದ್ಧತಿ. ಮಾಡಿದ್ದ. ಪೆಟ್ಟಿಗೆ ಸಮೇತ!

ಚಿಕ್ಕಪ್ಪ ಮರಳಿ ಬಂದು ಇಡೀ ತೋಟ ಹುಡುಕಿದರು. ಮರುದಿನ ರಾಶಿ ಹರಡುವಾಗ ಆಂಪ್ಲಿಫೈಯರ್ ಕಾಣಿಸಿತು. "ಬೆಚ್ಚಗಿರ್ಲಿ ಅಂತ ಮಾಡ್ದೆ ಅಯ್ಯ. ಬೀಜಕ್ಕೇ ಇಬ್ಬನಿ ಬೀಳ್ಬಾರ್ದು, ಇದಕ್ಕೆ ಬೀಳ್ಬೋದಾ?" ಎಂದ ಮೇಸ್ತ್ರಿ. ಏನೆಂದು ಬೈಯುವುದು? ಪೆಟ್ಟಿಗೆಯನ್ನು ಬೋರಲು ಹಾಕಿ ಕುಲುಕಿದರೆ ಒಂದು ಕೊಳಗದಷ್ಟು ಬೀಜ ಬಿತ್ತು. ಎಲ್ಲೋ ಸಂದಿಯಲ್ಲಿ ಸೇರಿಕೊಂಡ ನಾಲ್ಕಾರು ಮಾತ್ರ ಬೀಳಲೇ ಇಲ್ಲ. ಆಮೇಲೆ ದಪ್ಪ ತಂತಿ ಮೀಟಿದಾಗಲೆಲ್ಲ ಒಳಗಿಂದ ಗಿಲಿಗಿಲಿ. ಕರಕರ ಮಾತ್ರ ಹೋಗಿತ್ತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿ, "ಇಂಥ ಸ್ವರ ಲಂಡನ್ನಿನಲ್ಲೂ ಸಿಗಲ್ಲ" ಎಂದರು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಚಿಕ್ಕಮಗಳೂರಿನ ಒಂದು ಸಮಾರಂಭದಲ್ಲಿ ಅವರ ರಾಕ್ ತಂಡ ನುಡಿಸಬೇಕಿತ್ತು. ಜೀಪಿನಲ್ಲಿ ನಮ್ಮನ್ನು ಕರೆತಂದ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ವೋಲ್ಟೇಜ್ ಕಡಿಮೆ. ವಾಲ್ವ್‌ಗಳು ಕೆಂಪಗಾಗಲು ಒಲ್ಲವು. ಚಿಕ್ಕಪ್ಪ ಮೊದಲು ಸೀರಿಯಲ್ ಲೈಟು ಆರಿಸಿ ಎಂದರು. ಆರಿಸಿದರು. ಆಮೇಲೆ ಸಭಾಂಗಣದ ಟ್ಯೂಬ್‌ಲೈಟುಗಳು. ಆಮೇಲೆ ಮುಖ್ಯ ಅತಿಥಿಗಳ ತಲೆಯ ಮೇಲಿನ ಫ್ಯಾನು! ಅತಿಥಿಗಳು ಕರವಸ್ತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಂತೆ ಆ ಕತ್ತಲಲ್ಲಿ ಕಿತ್ತಳೆ ಬೆಳಕು ಮೂಡಿತು. ಚಿಕ್ಕಪ್ಪ ತಮ್ಮದೇ ಒಂದು ರಾಗ ನುಡಿಸಿದರು. ನಿಜ ಹೇಳಬೇಕೆಂದರೆ ತಮಾಷೆಗೆಂದು ಕೂತಿದ್ದ ನನಗೆ ಮೈ ಜುಮ್ಮೆಂದಿತು. ನಮ್ಮ ಕಡೆಯ ದೇವರಮನೆ ಬೆಟ್ಟದ ಹುಲ್ಲಿನ ಮೇಲೆ ಮಲಗಿ ಮೋಡ ನೋಡುತ್ತಿದ್ದೇನೆ ಅನಿಸಿತು. ದೀಪ ಹಾಕಿದಾಗ ನನ್ನ ಪಕ್ಕದ ಕುರ್ಚಿ ಖಾಲಿ. ಅಪ್ಪ ಜೀಪಿನ ಟೈರಿಗೆ ಗಾಳಿ ಸಾಕೋ ನೋಡಲು ಹೋಗಿದ್ದರು. ಅಂದು ಚಿಕ್ಕಪ್ಪ ಚಪ್ಪಾಳೆಯ ಕಡೆ ನೋಡಲೇ ಇಲ್ಲ, ಆ ಕುರ್ಚಿಯನ್ನೇ ನೋಡುತ್ತಿದ್ದರು. ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂತು.

ಆ ರಾಗವನ್ನು ಕ್ಯಾಸೆಟ್ಟಿಗೆ ಹಿಡಿಯಬೇಕೆಂಬ ಹುಚ್ಚು ಆಮೇಲೆ ಶುರುವಾಯಿತು. ಎದುರು ಕೂತು ಕೇಳದವರು ಕ್ಯಾಸೆಟ್ಟಿನಲ್ಲಾದರೂ ಕೇಳಿಯಾರು ಎಂಬ ಲೆಕ್ಕ. ಬೆಂಗಳೂರಿನ ಸ್ಟುಡಿಯೋ ಒಂದಕ್ಕೆ ಹೋಗಿ ಎರಡೇ ದಿನಕ್ಕೆ ಮರಳಿದರು. "ಅಲ್ಲಿ ಸ್ವರಕ್ಕೆ ಆಸ್ಪತ್ರೆ ವಾಸನೆ ಬರತ್ತೆ" ಎಂದರು. ನಮ್ಮ ಗೋಡೌನಿನಲ್ಲಿ ಸೂರಿನವರೆಗೆ ಪಾರ್ಚ್‌ಮೆಂಟ್ ಮೂಟೆ ಒಟ್ಟಿತ್ತು. ಮೂಟೆಗಳ ನಡುವಿನ ಓಣಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹತ್ತಿಯಲ್ಲಿ ಬಿದ್ದ ಹಾಗೆ, ಚೂರೂ ಮಾರ್ದನಿ ಇಲ್ಲ. ಚಿಕ್ಕಪ್ಪ ಕುಣಿದಾಡಿದರು. ಆಂಪ್ಲಿಫೈಯರ್, ಮೈಕು, ರೆಕಾರ್ಡರ್, ಎಲ್ಲ ಆ ಓಣಿಗೆ ಹೋದವು. ಏಳು ನಿಮಿಷದ ರಾಗ. ದಿನಾ ಏನಾದರೊಂದು ಅಡ್ಡಿ. ಒಂದು ದಿನ ಬಸ್ಸಿನ ಹಾರನ್, ಒಂದು ದಿನ ಜೀರುಂಡೆ, ಇನ್ನೊಂದು ದಿನ ಇಲಿ. ಒಂದು ಜೀರುಂಡೆ ಚಿರ್ ಎಂದಿದ್ದಕ್ಕೆ ಇಡೀ ದಿನದ ಕೆಲಸ ಅಳಿಸಿದವರು ಇವರು!

ಹೀಗಿರುವಾಗ ಅಪ್ಪ, ನಾಳೆ ಬೀಜದ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹೋಗುತ್ತದೆ, ಲಾರಿ ಬರುತ್ತದೆ ಎಂದರು.

"ಮೂಟೆ ಹೋದ್ರೆ ನನ್ನ ಸ್ವರಾನೂ ಹೋಗತ್ತೆ ಅಣ್ಣ. ಒಂದು ವಾರ ತಡಿ."

"ಕಾಫಿ ಬೆಳೆದಿದ್ದು ನಿನ್ನ ಗೋಡೆಗೆ ಹೊದಿಸೋಕಲ್ಲ ಮಾರಾಯ."

ಬೆಳಿಗ್ಗೆ ಲಾರಿ ಬಂತು. ಚಿಕ್ಕಪ್ಪ ಗೋಡೌನಿನೊಳಗೆ ಸೇರಿ ಸ್ವಿಚ್ ಹಾಕಿ ಕೂತಿದ್ದರು. ಹೊರಗೆ ಹಮಾಲರು ಮೂಟೆ ಹೊರಲು ತಲೆಗೆ ಗೋಣಿ ಹಾಕಿಕೊಂಡು ಸಿದ್ಧ. ಅಪ್ಪ ಬಾಗಿಲಲ್ಲಿ ಇಣುಕಿ ನೋಡಿದರು. ಡ್ರೈವರನಿಗೆ ಇಂಜಿನ್ ಆರಿಸುವಂತೆ ಕೈಸನ್ನೆ ಮಾಡಿದರು. ಹಮಾಲರಿಗೆ ಎಲೆಅಡಿಕೆಯ ತಟ್ಟೆ ಕೊಟ್ಟು ಕಣದಾಚೆ ಕೂರಿಸಿದರು. ನಾಯಿಯನ್ನು ಕಟ್ಟಿಹಾಕಿಸಿದರು. ಆಮೇಲೆ ಎಲ್ಲಿ ಹೋದರೋ ಯಾರೂ ನೋಡಲಿಲ್ಲ. ಗೇಟು ನೋಡಲು ಹೋಗಿರಬೇಕು ಎಂದುಕೊಂಡೆ.

ಗೋಡೌನಿನ ಹಂಚಿನ ಸಂದಿಯಿಂದ ರಾಗ ಹೊರಬಂತು. ಕಣದ ಮೇಲೆ ಬೆಳಗಿನ ಬಿಸಿಲು, ಕೆಳಗೆ ಕಣಿವೆ ತುಂಬ ಮಂಜು. ಹಮಾಲರಲ್ಲೊಬ್ಬ ಬಾಯಲ್ಲಿದ್ದ ಎಲೆ ಜಗಿಯುವುದನ್ನೇ ಮರೆತಿದ್ದ. ಏಳು ನಿಮಿಷದ ಬಳಿಕ ಲಾರಿ ಮತ್ತೆ ಗುರುಗುಟ್ಟಿತು, ಸಂಜೆಯೊಳಗೆ ಗೋಡೌನ್ ಬೋಳಾಯಿತು.

ಆ ಸಂಜೆ ಜಗಲಿಯಲ್ಲಿ ಕ್ಯಾಸೆಟ್ ಹಾಕಿ ಚಿಕ್ಕಪ್ಪ, ಅಮ್ಮ, ನಾನು ಕೇಳಿದೆವು. ಬಸ್ಸಿಲ್ಲ, ಜೀರುಂಡೆಯಿಲ್ಲ, ಇಲಿಯಿಲ್ಲ. ಕೊನೆಯ ಸ್ವರ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ, ಇನ್ನೇನು ಇಲ್ಲವಾಯಿತು ಅನ್ನುವಾಗ ಮೂಟೆಗಳ ಹಿಂದಿನಿಂದ ಒಂದು ಕೆಮ್ಮು! ಗೋಣಿಯ ಧೂಳು ಗಂಟಲಿಗೆ ಹೋದವರ ಕೆಮ್ಮು. ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮೂಟೆಗಳು ಹೋಗಿಯಾಗಿದೆ, ಮತ್ತೆ ನುಡಿಸುವಂತಿಲ್ಲ.

"ಕೊನೇದನ್ನ ಅಳಿಸಿಬಿಡ್ಬೋದಲ್ಲ ಚಿಕ್ಕಪ್ಪ? ಅಷ್ಟೇ ಜಾಗ" ಎಂದೆ.

"ಅಳಿಸೋದಾ?" ಚಿಕ್ಕಪ್ಪ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಅಷ್ಟನ್ನೇ ಮತ್ತೆ ಹಾಕಿದರು. ಕೆಮ್ಮು ಮತ್ತೆ ಬಂತು. ಅವರ ಕಣ್ಣು ತುಂಬಿತ್ತು.

"ಆ ಧೂಳಲ್ಲಿ ಏಳು ನಿಮಿಷ ಅಣ್ಣ ಹೆಂಗೆ ತಡ್ಕೊಂಡಿದಾನೆ ನೋಡು. ಮುಗಿಯೋವರೆಗೂ ತಡ್ಕೊಂಡಿದಾನೆ ಮಾರಾಯ್ತಿ."