ಮೂರನೇ ಪುಟದ ಸಹಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಸ್ಟೇಪ್ಲರ್ ಪಿನ್ನು. ಬೆಳಗ್ಗೆ ಹತ್ತು ಗಂಟೆಗೆ ಬಾಕ್ಸಿಂಗ್ ನಿಯಂತ್ರಣ ಕಚೇರಿಯ ಗುಮಾಸ್ತ ಆವತ್ತಿನ ಪಂದ್ಯದ ಫಾರಂ ಜೋಡಿಸಿ, ಟಕ್ ಅಂತ ಒಂದು ಪಿನ್ನು ಹೊಡೆದ. ಹಿನ್ನೆಲೆ ಸಂಗೀತದವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಅಲ್ಲೇ ಒಂದು ನಗಾರಿ ಬಾರಿಸಿ ಎಚ್ಚರಿಸುತ್ತಿದ್ದರು. ಇರಲಿಲ್ಲ. ಫ್ಯಾನು ಮಾತ್ರ ಕಿರ್ ಕಿರ್ ಅನ್ನುತ್ತಿತ್ತು.

ಗುಮಾಸ್ತನನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರೂಲ್‌ಬುಕ್ಕು ಅಂತ. ಮನುಷ್ಯ ಸೀನಿದರೂ ಯಾವ ನಿಯಮದ ಪ್ರಕಾರ ಸೀನಿದೆ ಅಂತ ತನ್ನನ್ನೇ ಕೇಳಿಕೊಳ್ಳುವ ಜಾತಿ. ಖಾಯಂ ಇನ್ಸ್‌ಪೆಕ್ಟರ್ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ, ಇವತ್ತಿನ ಒಂದು ಪಂದ್ಯಕ್ಕೆ ರೂಲ್‌ಬುಕ್ಕೇ ಇನ್ಸ್‌ಪೆಕ್ಟರ್ ಅಂತ ಸಾಹೇಬರು ಆದೇಶ ಹೊರಡಿಸಿದ್ದರು. ಆ ಆದೇಶವನ್ನೂ ಅವನ ಕೈಯಲ್ಲೇ ಬರೆಸಿದ್ದರು. ಆದೇಶ ಬರೆಯೋದು ಗುಮಾಸ್ತನ ಕೆಲಸ, ಸಹಿ ಹಾಕೋದು ತಮ್ಮ ಕೆಲಸ ಅನ್ನುವುದು ಅವರ ಮೂವತ್ತು ವರ್ಷದ ಸಿದ್ಧಾಂತ.

ಇವತ್ತೇ ಅವನ ಎರಡು ವರ್ಷದ ಪರೀಕ್ಷಾ ಅವಧಿಯ ಕೊನೆಯ ದಿನ. ಸಂಜೆ ಐದರೊಳಗೆ ಸೇವಾ ಫೈಲಿನಲ್ಲಿ ಅವನ ಸಹಿ ಬಿದ್ದರೆ ನೌಕರಿ ಖಾಯಂ. ಬೀಳದಿದ್ದರೆ ಇನ್ನೊಂದು ವರ್ಷ ತ್ರಿಶಂಕು.

"ಫೈಲ್ ಹಿಡ್ಕೊಂಡು ನಾನೇ ಸ್ಟೇಡಿಯಂಗೆ ಬರ್ತೀನಿ ಕಣಯ್ಯಾ," ಅಂದಿದ್ದರು ಸಾಹೇಬರು. "ಪಂದ್ಯ ಒಂದು ನೆಟ್ಟಗೆ ಮುಗಿಸು. ಅಲ್ಲೇ ಸಹಿ ಹಾಕ್ಬಿಡು."

ಹೆಂಡತಿ ಇಷ್ಟು ಹೊತ್ತಿಗಾಗಲೇ ತನ್ನ ಅಣ್ಣನಿಗೆ ಫೋನ್ ಮಾಡಿ, ನಮ್ಮನೆಯವರದು ಖಾಯಂ ಆಯ್ತು ಅಂತ ಹೇಳಿಯೂ ಆಗಿತ್ತು.

ಪಂದ್ಯ ಮಧ್ಯಾಹ್ನ ಮೂರೂವರೆಗೆ. ಕೆಂಪು ಮೂಲೆಯಲ್ಲಿ ಬುಲ್ಡೋಜರ್, ನೀಲಿ ಮೂಲೆಯಲ್ಲಿ ಸುಂಟರಗಾಳಿ. ಸುಂಟರಗಾಳಿ ಹೊರಗಿನವನಾದ್ದರಿಂದ ಅವನ ಫಾರಂ ಸಹಿಯಾಗಿಯೇ ಅಂಚೆಯಲ್ಲಿ ಬಂದಿತ್ತು. ಅವನ ಗ್ಲೌಸಿಗೆ ಸೀಲು ಹಾಕುವ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಆಹಾ, ಇನ್ಸ್‌ಪೆಕ್ಟರ್ ಕೆಲಸ ಇಷ್ಟೇನಾ ಅಂದುಕೊಂಡು ರೂಲ್‌ಬುಕ್ಕು ಎದುರಿನ ಕೋಣೆಗೆ ಸ್ಲೋ ಮೋಷನ್ನಿನಲ್ಲಿ ಕಾಲಿಟ್ಟ. ಹೊಸ್ತಿಲು ಎಡವಿ ಒಳಗೆ ಹೋದದ್ದು ಮಾತ್ರ ಮಾಮೂಲಿ ಸ್ಪೀಡಿನಲ್ಲಿ.

ಒಳಗೆ ಬುಲ್ಡೋಜರ್ ಕೂತಿದ್ದ. ಆಳು ಬಾಗಿಲಿನಷ್ಟು ಅಗಲ, ದನಿ ಮಾತ್ರ ಬೆಕ್ಕಿನ ಮರಿಯದು. ಅವನ ಕೋಚ್ ಅಂದರೆ ಅವನ ಸ್ವಂತ ಅಕ್ಕ. ಅವಳು ಮೂಗಿನಿಂದ ಜೋರಾಗಿ ಉಸಿರು ಬಿಟ್ಟರೆ ಸಾಕು, ಬುಲ್ಡೋಜರ್ ನೆಟ್ಟಗೆ ಕೂರುತ್ತಿದ್ದ.

ರೂಲ್‌ಬುಕ್ಕು ಮೊದಲು ಒಂದು ಭಾಷಣ ಮಾಡಿದ. ಗ್ಲೌಸ್ ಹಾಕಿದ ಮೇಲೆ ಮಣಿಕಟ್ಟಿಗೆ ಟೇಪು ಸುತ್ತಿ, ಅದರ ಮೇಲೆ ಇನ್ಸ್‌ಪೆಕ್ಟರ್ ಸಹಿ ಮಾಡಿದರೆ ಅದೇ ಸೀಲು. ಆ ಸೀಲು ಕತ್ತರಿಸುವ ಅಧಿಕಾರ ಇಡೀ ಭೂಮಿ ಮೇಲೆ ಇರೋದು ಇವತ್ತಿನ ಇನ್ಸ್‌ಪೆಕ್ಟರಿಗೆ ಮಾತ್ರ. ಬೇರೆ ಯಾರೇ ಕೈಯಿಟ್ಟರೂ ಲೈಸೆನ್ಸ್ ರದ್ದು. ಅಷ್ಟರಲ್ಲಿ ಬುಲ್ಡೋಜರ್ ಟೇಪಿನ ತುದಿಯನ್ನು ಸುಮ್ಮನೆ ಹಲ್ಲಿನಿಂದ ಕಚ್ಚಿದ. ರೂಲ್‌ಬುಕ್ಕು ಹೌಹಾರಿ, ಹಲ್ಲು ಹಾಕಿದರಂತೂ, ಇನ್ಸ್‌ಪೆಕ್ಟರೇ ಆಗಿರಲಿ, ರದ್ದೇ ರದ್ದು ಅಂತ ಸೇರಿಸಿದ. ಅಕ್ಕ ತಮ್ಮನ ತಲೆಗೊಂದು ಮೊಟಕಿ, "ಕೇಳಿಸ್ತೇನೋ? ಹಲ್ಲೂ ಇಲ್ವಂತೆ," ಅಂದಳು.

ಕೈಗೆ ಬಟ್ಟೆ ಪಟ್ಟಿ ಸುತ್ತಿದ್ದಾಯಿತು, ಗ್ಲೌಸ್ ಹಾಕಿದ್ದಾಯಿತು, ಸೀಲೂ ಆಯಿತು. ರೂಲ್‌ಬುಕ್ಕು ಎರಡನೇ ಹಾಳೆಗೆ ಟಿಕ್ ಹಾಕಿ ಮೂರನೆಯದಕ್ಕೆ ತಿರುಗಿಸಿದ. ಅಲ್ಲಿ ದಪ್ಪಕ್ಷರದಲ್ಲಿತ್ತು: ಸ್ಪರ್ಧಿಯು ಈಗ ಇಲ್ಲಿ ಸಹಿ ಮಾಡತಕ್ಕದ್ದು.

ಬುಲ್ಡೋಜರ್ ಪೆನ್ನು ನೋಡಿದ. ತನ್ನ ಕೈ ನೋಡಿದ. ಎರಡು ಗ್ಲೌಸಿನ ನಡುವೆ ಪೆನ್ನು ಹಿಡಿದು ಒತ್ತಿದ. ಪೆನ್ನು ಸೋಪಿನ ಹಾಗೆ ಜಾರಿ ಅಲಮಾರಿನ ಹಿಂದೆ ಹೋಯಿತು. ಎರಡನೇ ಪೆನ್ನು ಲಟಕ್ ಅಂದಿತು.

"ಆಗಲ್ಲ ಸಾರ್," ಅಂದ ಅಪರಾಧಿಯ ಹಾಗೆ.

ಸೀಲು ಕತ್ತರಿಸಿ ಸಹಿ ಮಾಡಿಸಿಕೊಂಡು ಮತ್ತೆ ಹಾಕಿ ಅಂದಳು ಅಕ್ಕ. ರೂಲ್‌ಬುಕ್ಕಿಗೂ ಸರಿ ಅನ್ನಿಸಿತು. ಕತ್ತರಿಸಿದ, ಬುಲ್ಡೋಜರ್ ನಾಲಿಗೆ ಹೊರಗಿಟ್ಟುಕೊಂಡು ಚೆಂದಾಗಿ ಸಹಿ ಮಾಡಿದ, ಮತ್ತೆ ಗ್ಲೌಸ್, ಮತ್ತೆ ಸೀಲು. ಆಮೇಲೆ ರೂಲ್‌ಬುಕ್ಕಿಗೆ ತಲೆಯಲ್ಲಿ ಹುಳ ಹೊಕ್ಕಿತು. ಸೀಲು ಆದ ಮೇಲೆ ಸಹಿ ಅಂತಿದೆ ಫಾರಂ. ಈ ಸಹಿ ಸೀಲಿಗಿಂತ ಮುಂಚಿನದು. ಹಾಗಾದರೆ ಇನ್ನೊಂದು ಸಲ ಮಾಡಿಸಬೇಕು. ಅದಕ್ಕೆ ಸೀಲು ಕತ್ತರಿಸಬೇಕು. ಕತ್ತರಿಸಿದರೆ ಮತ್ತೆ ಸೀಲು. ಸೀಲು ಆದ ಮೇಲೆ ಸಹಿ. ಅವನಿಗೆ ಕೋಣೆಯೇ ಮೆಲ್ಲಗೆ ತಿರುಗಿದ ಹಾಗಾಯಿತು.

ಹೊರಗೆ ಜನ ಕುರ್ಚಿ ಕುಟ್ಟಲು ಶುರು ಮಾಡಿದ್ದರು. ಗಂಟೆ ಮೂರು ಮುಕ್ಕಾಲು.

ಬುಲ್ಡೋಜರ್ ಮೆಲ್ಲಗೆ, ಬಾಯಲ್ಲಿ ಪೆನ್ನು ಕಚ್ಚಿಕೊಂಡು ಮಾಡಲಾ ಅಂತ ಕೇಳಿದ. ಕೇಳಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟ. ರೂಲ್‌ಬುಕ್ಕು ಅದನ್ನು ಲೈಸೆನ್ಸಿನ ಸಹಿಯ ಪಕ್ಕದಲ್ಲಿಟ್ಟು ನೋಡಿದ. ಅಲ್ಲಿದ್ದದ್ದು ಸಹಿ, ಇಲ್ಲಿದ್ದದ್ದು ಶಾಯಿಯಲ್ಲಿ ಬಿದ್ದೆದ್ದ ಜಿರಲೆಯ ನಡಿಗೆ. ಇದಕ್ಕೊಂದು ನಿಯಮವೇ ಇಲ್ಲವಲ್ಲ ಅನ್ನುವುದು ಹೊಳೆದದ್ದೇ ತಡ, ಅವನ ಕಣ್ಣು ಮಿಂಚಿತು. ಚೀಲದಿಂದ ಕಚೇರಿಯ ಹಾಳೆ ತೆಗೆದು, "ಬಾಯಿಂದ ಮಾಡಿದ ಸಹಿಯನ್ನು ಈ ಇಲಾಖೆಯ ಯಾವ ಕಾಗದದಲ್ಲೂ ಸಹಿ ಎಂದು ಪರಿಗಣಿಸತಕ್ಕದ್ದಲ್ಲ" ಅಂತ ಬರೆದು, ಅದರ ಫೋಟೋ ಹೊಡೆದು ಸಾಹೇಬರಿಗೆ ಕಳಿಸಿದ. ಸಾಹೇಬರು ಖುಷಿಯಾಗಿ, ಭೇಷ್, ಪ್ರಿಂಟ್ ತೆಗೆಸಿ ಸಹಿ ಹಾಕಿದೀನಿ, ಈ ಕ್ಷಣದಿಂದಲೇ ಜಾರಿ ಅಂತ ಉತ್ತರ ಕೊಟ್ಟರು. ಎರಡು ವರ್ಷದಲ್ಲಿ ಮೊದಲ ಭೇಷ್. ರೂಲ್‌ಬುಕ್ಕು ಅದನ್ನು ಮೂರು ಸಲ ಓದಿಕೊಂಡ.

ಅಕ್ಕನಿಗೆ ರೇಗಿತು. "ಅಲ್ಲ ಸಾರ್, ಕೈಲೂ ಆಗಲ್ಲ, ಬಾಯಲ್ಲೂ ಬೇಡ. ಇನ್ನು ಯಾವುದ್ರಲ್ಲಿ ಮಾಡ್ಬೇಕು ಇವ್ನು?"

"ಆಗದೇ ಇರೋ ಕೆಲಸ ಸರ್ಕಾರ ಕೇಳಲ್ಲ ಮೇಡಂ. ನಿಮ್ಮ ತಮ್ಮಂಗೆ ಅಭ್ಯಾಸ ಇಲ್ಲ ಅಷ್ಟೆ."

"ಹೌದಾ? ಹಂಗಾದ್ರೆ ನೀವು ಮಾಡಿ ತೋರ್ಸಿ."

ಸವಾಲು ಹಾಕಿದ್ದೇ ಹಾಕಿದ್ದು, ರೂಲ್‌ಬುಕ್ಕಿನ ಒಳಗಿದ್ದ ಹೀರೋ ತೋಳು ಮಡಚಿದ. ಅಲಮಾರಿನಲ್ಲಿ ಇನ್ನೊಂದು ಜೊತೆ ಗ್ಲೌಸಿತ್ತು. ಅಕ್ಕ ಹಾಕಿದಳು, ಲೇಸು ಬಿಗಿದು ಗಂಟು ಹಾಕಿದಳು. ಪರೀಕ್ಷೆ ಅಂದ ಮೇಲೆ ಪೂರ್ತಿ ನಿಯಮದ ಪ್ರಕಾರವೇ ಇರಬೇಕು ಅಂತ ಅವನೇ ಹಟ ಹಿಡಿದ. ಕೆಲಸ ಬೇಗ ಆಗಲಿ ಅಂತ ಟೇಪಿನ ತುಂಡುಗಳಿಗೆ ಮೊದಲೇ ಸಹಿ ಮಾಡಿ ಮೇಜಿನ ಅಂಚಿಗೆ ಅಂಟಿಸಿಟ್ಟಿದ್ದ. ಅಕ್ಕ ಅದರಲ್ಲಿ ಎರಡು ಕಿತ್ತು ಅವನ ಮಣಿಕಟ್ಟಿಗೆ ಸುತ್ತಿದಳು.

ಆಮೇಲೆ ಏನಾಯಿತು ಅಂತ ವಿವರಿಸುವುದಕ್ಕೆ ಬೇಜಾರು. ನಾಲ್ಕು ಪೆನ್ನು ಸತ್ತವು. ಐದನೆಯದು ಅಕ್ಕನ ಹಣೆಗೆ ಬಡಿಯಿತು.

"ಸರಿ ಮೇಡಂ, ಒಪ್ಪಿದೆ. ಕತ್ತರಿಸಿ."

ಅಕ್ಕ ಕೈಕಟ್ಟಿ ನಿಂತಳು. "ಅದು ಸೀಲು ಸಾರ್. ಮೇಲೆ ನಿಮ್ಮ ಸಹಿ ಇದೆ. ನಾನು ಮುಟ್ಟಿದ್ರೆ ನನ್ನ ಲೈಸೆನ್ಸ್ ರದ್ದು. ನೀವೇ ಹೇಳಿದ್ದು."

ರೂಲ್‌ಬುಕ್ಕು ಬುಲ್ಡೋಜರ್ ಕಡೆ ನೋಡಿದ. ಬುಲ್ಡೋಜರ್ ತನ್ನ ಎರಡೂ ಗ್ಲೌಸು ಎತ್ತಿ ತೋರಿಸಿದ. ಮೇಜಿನ ಮೇಲಿದ್ದ ಕತ್ತರಿಯನ್ನು ರೂಲ್‌ಬುಕ್ಕು ತಾನೇ ಎತ್ತಲು ಹೋಗಿ ನೆಲಕ್ಕೆ ಕೆಡವಿದ. ಬಗ್ಗಿ ಟೇಪಿಗೆ ಹಲ್ಲು ಹಾಕುವಷ್ಟರಲ್ಲಿ ತಾನು ಹೇಳಿದ್ದು ತನಗೇ ನೆನಪಾಗಿ ಬಾಯಿ ಮುಚ್ಚಿಕೊಂಡ.

ಹೀಗೆ ಅವನು ಬಾಯಿ ಮುಚ್ಚಿಕೊಂಡಿದ್ದಾಗಲೇ ಬಾಗಿಲು ತೆರೆಯಿತು. ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಸಾಹೇಬರು ನಿಂತಿದ್ದರು. ಗಂಟೆ ನಾಲ್ಕು ಕಾಲು.

"ನೀನ್ಯಾಕಯ್ಯಾ ಗ್ಲೌಸ್ ಹಾಕ್ಕೊಂಡಿದೀಯಾ? ಯಾರ ಜೊತೆ ನಿನ್ನ ಪಂದ್ಯ?"

ಅಕ್ಕ ಒಂದೇ ಉಸಿರಿಗೆ ಎಲ್ಲ ಒದರಿದಳು. ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿ ಫಾರಂ ಕೈಗೆತ್ತಿಕೊಂಡರು. ಪ್ರತಿ ಹಾಳೆಯ ಕೆಳಗೆ, ಇರುವೆ ಗಾತ್ರದಲ್ಲಿ ಪುಟದ ನಂಬರಿತ್ತು. ಒಂದು, ಮೂರು, ಎರಡು.

"ಸಹಿ ಪುಟ ಎರಡನೇದು ಕಣಯ್ಯಾ. ಮೊದಲು ಸಹಿ, ಆಮೇಲೆ ಗ್ಲೌಸು. ಹಿಂದೆ ಮುಂದೆ ಮಾಡಿ ಪಿನ್ನು ಹೊಡೆದವನು ಯಾವನು?"

ರೂಲ್‌ಬುಕ್ಕು ಎರಡೂ ಗ್ಲೌಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬುಲ್ಡೋಜರ್ ಮಾಡಿದ ಮೊದಲ ಸಹಿ ಹಾಳೆಯ ಮೇಲೆ ಚೆಂದಾಗಿ ಕೂತಿತ್ತು. ಅದೇ ಸಾಕು, ಪಂದ್ಯ ನಡೆಯಲಿ ಅಂದರು ಸಾಹೇಬರು.

ಒಂದು ಗಂಟೆ ಕಾದ ಪಂದ್ಯ ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ಬುಲ್ಡೋಜರ್ ಒಂದೇ ಒಂದು ಬಿಟ್ಟ, ಸುಂಟರಗಾಳಿ ತಂಗಾಳಿಯಾದ. ಪಾಪ, ಅವನು ಎದ್ದ ಮೇಲೆ ಸಾರಿ ಕೇಳಿದ್ದೂ ಬುಲ್ಡೋಜರೇ.

ಇನ್ನು ಉಳಿದದ್ದು ಫೈಲು. ಐದಕ್ಕೆ ಹತ್ತು ನಿಮಿಷ. ಸಾಹೇಬರು ಪುಟ ತೆರೆದು, ಪೆನ್ನಿನ ಕ್ಯಾಪು ತೆಗೆದು ಅವನ ಮುಂದೆ ಹಿಡಿದರು. ಹಿಡಿದ ಮೇಲೆ ಅವರಿಗೂ ಗ್ಲೌಸಿನ ನೆನಪಾಯಿತು.

"ಸಾರ್, ನೀವೇ ಕತ್ತರಿಸಿ ಸಾರ್," ಅಂದ ರೂಲ್‌ಬುಕ್ಕು. ಅವನ ದನಿಯೂ ಬೆಕ್ಕಿನ ಮರಿಯದಾಗಿತ್ತು.

"ಇವತ್ತಿನ ಇನ್ಸ್‌ಪೆಕ್ಟರ್ ಅಂತ ಆದೇಶದಲ್ಲಿ ಹೆಸರಿರೋದು ನಿಂದು. ರಿಟೈರ್ ಆಗಕ್ಕೆ ಮೂರು ತಿಂಗಳಿದೆ ನಂಗೆ. ನಿಯಮ ಮುರೀಲಾ?"

ಹೆಬ್ಬೆಟ್ಟು ಒತ್ತುತ್ತೇನೆ ಅನ್ನೋಣವೆಂದರೆ ಹೆಬ್ಬೆಟ್ಟೂ ಗ್ಲೌಸಿನೊಳಗೇ ಇತ್ತು. ಗೋಡೆ ಗಡಿಯಾರದ ಮುಳ್ಳು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಗಬಕ್ಕನೆ ಪೆನ್ನು ಬಾಯಲ್ಲಿ ಕಚ್ಚಿ ಫೈಲಿನ ಮೇಲೆ ಬಗ್ಗಿದ. ನಿಜ ಹೇಳಬೇಕೆಂದರೆ ಸಹಿ ಚೆನ್ನಾಗಿಯೇ ಬಂತು. ಬುಲ್ಡೋಜರ್ ಕೂಡ ಮೆಚ್ಚಿ ತಲೆಯಾಡಿಸಿದ.

ಸಾಹೇಬರು ನಿಟ್ಟುಸಿರು ಬಿಟ್ಟು, ಫೈಲಿನ ಒಳಗಿಂದ ಅವನದೇ ಅಕ್ಷರದ ಆದೇಶದ ಪ್ರತಿ ತೆಗೆದು ಅವನ ಮುಂದಿಟ್ಟರು. ಬಾಯಿಂದ ಮಾಡಿದ ಸಹಿಯನ್ನು. ಯಾವ ಕಾಗದದಲ್ಲೂ. ಕೆಳಗೆ ಅವರ ಸಹಿ, ರೌಂಡ್ ಸೀಲು.

ಐದು ಗಂಟೆ ಆಯಿತು.

ಕೋಣೆಯ ಬೆಂಚಿನ ಮೇಲೆ ಈಗ ಮೂರು ಜನ ಸಾಲಾಗಿ ಕೂತಿದ್ದರು. ಬುಲ್ಡೋಜರ್, ಕಣ್ಣು ಊದಿಸಿಕೊಂಡ ಸುಂಟರಗಾಳಿ, ನಡುವೆ ರೂಲ್‌ಬುಕ್ಕು. ಆರು ಗ್ಲೌಸು, ಆರೂ ಸೀಲು. ಅಕ್ಕ ಒಬ್ಬೊಬ್ಬರಿಗೇ ಸ್ಟ್ರಾ ಹಾಕಿ ನೀರು ಕುಡಿಸುತ್ತಿದ್ದಳು. ರೂಲ್‌ಬುಕ್ಕಿನ ಜೇಬಿನಲ್ಲಿ ಹೆಂಡತಿಯ ಕರೆ ಬಂದು ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಇನ್ನು ಇವರ ಕೈ ಬಿಡಿಸೋದು ಯಾರು ಅಂತ ಅಕ್ಕ ಕೇಳಿದಳು. ಅದೇನು ಮಹಾ ಅಂದರು ಸಾಹೇಬರು. ಇನ್ನೊಬ್ಬ ಇನ್ಸ್‌ಪೆಕ್ಟರನ್ನು ನೇಮಿಸಿ ಹೊಸ ಆದೇಶ ಮಾಡಿದರೆ ಐದೇ ನಿಮಿಷದ ಕೆಲಸ. ಮೂವರ ಮುಖವೂ ಅರಳಿತು.

ಸಾಹೇಬರು ಚೀಲದಿಂದ ಒಂದು ಖಾಲಿ ಹಾಳೆ, ಒಂದು ಪೆನ್ನು ತೆಗೆದು ರೂಲ್‌ಬುಕ್ಕಿನ ತೊಡೆಯ ಮೇಲಿಟ್ಟರು.

"ಬರಿ. ಸಹಿ ಹಾಕ್ತೀನಿ."